ಸರೋವರಕ್ಕೆ ಐವತ್ತು ನಿಮಿಷ

ನಮ್ಮೂರಿನ ಬೆಟ್ಟದ ದಾರಿಗಳ ಹಳದಿ ಫಲಕಗಳಲ್ಲಿ ಎಷ್ಟು ದೂರವೆಂದು ಬರೆದಿರುವುದಿಲ್ಲ, ನಡೆಯಲು ಎಷ್ಟು ಹೊತ್ತು ಬೇಕೆಂದು ಬರೆದಿರುತ್ತದೆ. ಆ ಹೊತ್ತನ್ನು ನಡೆದು ನಡೆದು ಅಳೆದವನು ನಮ್ಮ ಯಾಖೆನಜ್ಜ. ಗಡಿಯಾರಕ್ಕೆ ಕಾಲು ಮೂಡಿದರೆ ಇವನ ಹಾಗೆಯೇ ಇರುತ್ತಿತ್ತೇನೋ. ಚರ್ಚಿಗೆ ಹೊರಟವರನ್ನೂ ತಡೆದು, "ಏಳು ನಿಮಿಷದ ದಾರಿ, ಗಂಟೆ ಹೊಡಿಯೋಕೆ ಐದೇ ಇದೆ, ಓಡಿ" ಎನ್ನುತ್ತಾನೆ. ನನ್ನ ಬೇಕರಿಗೆ ಬರುವ ಪ್ರವಾಸಿಗರ ಮುಖ ನೋಡುವುದಿಲ್ಲ, ಕಾಲು ನೋಡುತ್ತಾನೆ: "ಈ ಚಪ್ಪಲೀಲಿ ಹಿಮನದಿಗಾ? ಹೋಗೋದು ಮೂರು ಗಂಟೆ, ಬರೋದು ಹೆಲಿಕಾಪ್ಟರಲ್ಲಿ!" ಯಾವುದಾದರೂ ಫಲಕದಲ್ಲಿ ಎರಡು ನಿಮಿಷ ತಪ್ಪಿದೆ ಎಂದುಬಿಟ್ಟರಂತೂ ಮುಗಿಯಿತು, ತಿನ್ನುತ್ತಿದ್ದ ಚೀಸನ್ನು ಅಲ್ಲೇ ಬಿಟ್ಟು, ಎಪ್ಪತ್ತೆಂಟರ ಮಂಡಿಯಲ್ಲಿ ಆ ಏರನ್ನು ಮತ್ತೆ ಹತ್ತಿಳಿದು ಬಂದು, "ಸರಿಯಾಗೇ ಇದೆ, ನೀವು ಫೋಟೋ ತೆಗೀತಾ ನಿಂತಿದ್ರಿ" ಎಂದು ಗದರುತ್ತಾನೆ. ಆದರೆ ಸರೋವರದ ಫಲಕದಲ್ಲಿ ಐವತ್ತು ನಿಮಿಷ ಎಂದಿದೆ. ಮಕ್ಕಳು ಕೂಡ ಅರ್ಧ ಗಂಟೆಯಲ್ಲಿ ಮುಟ್ಟುತ್ತಾರೆ. ಮೊನ್ನೆ ಪ್ರವಾಸಿಯೊಬ್ಬ ನಗುತ್ತ, "ಅಜ್ಜಾ, ಇದನ್ನ ಅಳೆದೋರು ತೆವಳ್ಕೊಂಡು ಹೋಗಿದ್ರಾ?" ಎಂದ. ಇನ್ನೇನು ಜಗಳ ಎಂದು ನಾನು ಬ್ರೆಡ್ಡಿನ ಬುಟ್ಟಿ ಪಕ್ಕಕ್ಕೆ ಸರಿಸಿದೆ. ಅಜ್ಜ ಮೆಲ್ಲಗೆ, "ಇಲ್ಲಪ್ಪ, ಮೆಂಗಾ ಜೊತೆಗಿದ್ಲು. ದಾರೀಲಿ ಸಿಕ್ಕಿದ ಒಂದೊಂದು ಹಸೂನೂ ಹೆಸರು ಹಿಡಿದು ಮಾತಾಡಿಸೋಳು" ಎಂದ. ಅವನ ಹೆಂಡತಿ ಮೆಂಗಾ ತೀರಿಕೊಂಡು ಒಂಬತ್ತು ವರ್ಷವಾಯಿತು. ಬೇಸಿಗೆಯ ಭಾನುವಾರಗಳಲ್ಲಿ ಅವನು ಕೈಗಡಿಯಾರವನ್ನು ನನ್ನ ಗಲ್ಲಾದ ಮೇಲೆ ಬಿಚ್ಚಿಟ್ಟು ಒಬ್ಬನೇ ಸರೋವರಕ್ಕೆ ಹೋಗುತ್ತಾನೆ. ಈಗಿನ ಹಸುಗಳ ಹೆಸರು ಅವನಿಗೆ ಗೊತ್ತಿಲ್ಲ. ಅವಳ ಕಾಲದ ಹೆಸರುಗಳಿಂದಲೇ ಕರೆದು, ಒಂದೊಂದನ್ನೂ ಮಾತಾಡಿಸಿಕೊಂಡು ಹತ್ತುತ್ತಾನೆ. ಅವನ ಹಿಂದೆಯೇ ಹೋಗಿ ನಾನೇ ಗಡಿಯಾರ ನೋಡಿದ್ದೇನೆ, ಐವತ್ತು ನಿಮಿಷಕ್ಕೆ ಒಂದು ನಿಮಿಷವೂ ಆಚೀಚೆ ಆಗುವುದಿಲ್ಲ.