ಗುರುವಾರವೇ ಬಂದ ಶುಕ್ರವಾರ

ನನ್ನ ಅತ್ತೆ ಸುಮನ ಅವರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನನಗೂ ಅಷ್ಟೇ. ಹೀಗಾಗಿ ಭಾಲ್ಕಿಯ ನಮ್ಮ ಮನೆಯಲ್ಲಿ ದಿನಕ್ಕೊಮ್ಮೆಯಾದರೂ ಪಾತ್ರೆಗಳು ಸದ್ದು ಮಾಡುತ್ತವೆ. ನಡುವೆ ಸಿಕ್ಕಿಕೊಳ್ಳುವವರು ನನ್ನ ಗಂಡ ಅಶ್ವಜಿತ. ರೈಲ್ವೆಯಲ್ಲಿ ಸಿಗ್ನಲ್ ರಿಪೇರಿ ಮಾಡುವ ಅವರಿಗೆ ಅಡುಗೆಮನೆಯ ಕೆಂಪು ದೀಪವನ್ನು ಹಸಿರು ಮಾಡುವ ವಿದ್ಯೆ ಇನ್ನೂ ಬಂದಿಲ್ಲ. ಅತ್ತೆಯನ್ನು ಹೊಗಳಲು ಕೂತಿದ್ದೇನೆ ಎಂದು ತಿಳಿದರೆ ಅತ್ತೆಯೇ ಮೊದಲು ಗದರುತ್ತಾರೆ. ಆದರೂ ಬರೆಯುತ್ತೇನೆ. ಅವರು ನನಗೆ ಮಾಡಿದ ಉಪಕಾರ ಅಂಥದ್ದು.

ಅತ್ತೆ ಇಲ್ಲಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಟೀಚರ್. ತಮ್ಮ ಓಣಿಯಿಂದ ಬಿ.ಎಡ್. ಮುಗಿಸಿದ ಮೊದಲ ಹೆಣ್ಣುಮಗಳು. ನಕಾಶೆ ತೋರಿಸಿ ಪಾಠ ಹೇಳುವುದು ಅವರಿಗೆ ಸೇರುವುದಿಲ್ಲ. ಅಂತರರಾಷ್ಟ್ರೀಯ ದಿನಾಂಕ ರೇಖೆಯ ಪಾಠ ಬಂತೆಂದರೆ ಮಕ್ಕಳನ್ನೆಲ್ಲ ಅಂಗಳಕ್ಕೆ ಎಬ್ಬಿಸಿ, ಸುಣ್ಣದ ಪುಡಿಯಲ್ಲಿ ಉದ್ದಕ್ಕೆ ಗೆರೆ ಎಳೆಯುತ್ತಾರೆ. ಗೆರೆಯ ಆಚೆ ನಿಂತವರಿಗೆ ರವಿವಾರ, ಈಚೆ ನಿಂತವರಿಗೆ ಸೋಮವಾರ. ನಡುವೆ ಕಿರಿಬಾಟಿ ಎಂಬ ದ್ವೀಪದೇಶ. ಅದರ ಒಂದಿಷ್ಟು ದ್ವೀಪಗಳು ಆ ಕಡೆ, ಒಂದಿಷ್ಟು ಈ ಕಡೆ. ಈ ಕಡೆ ಕಚೇರಿ ತೆರೆದಾಗ ಆ ಕಡೆ ರಜೆ, ಆ ಕಡೆ ತೆರೆದಾಗ ಈ ಕಡೆ ರಜೆ. ಒಂದೇ ದೇಶದ ಮಂದಿ ಒಂದೇ ದಿನ ಬದುಕಲಾಗದೆ ಬೇಸತ್ತು, ಕೊನೆಗೆ ಸರ್ಕಾರ ಗೆರೆಯನ್ನೇ ಆಚೆ ಸರಿಸಿ ಎಲ್ಲ ದ್ವೀಪಗಳನ್ನೂ ಒಂದೇ ತಾರೀಖಿಗೆ ತಂದಿತು. ಇಷ್ಟು ಹೇಳಿ ಅತ್ತೆ ಕಾಲಿನಿಂದಲೇ ಸುಣ್ಣ ಅಳಿಸಿ, ಇನ್ನೊಂದು ಗೆರೆ ಎಳೆಯುತ್ತಾರೆ. ಸಂಜೆ ಮನೆಗೆ ಬಂದಾಗ ಅವರ ಸೀರೆಯ ಅಂಚೆಲ್ಲ ಬಿಳಿ. ಒಗೆಯುವವಳು ನಾನು, ಅದಕ್ಕೇ ಈ ಪಾಠ ನನಗೆ ಚೆನ್ನಾಗಿ ನೆನಪಿದೆ.

ಇನ್ನು ನನ್ನ ಕಡೆಯ ಮಾತು. ನಾನು ಔರಾದ ತಾಲೂಕಿನ ಡಾಬಕಾದವಳು. ನಮ್ಮದು ಕುರಿ ಸಾಕುವ ಮನೆತನ, ಅತ್ತೆಯ ಮನೆಯವರು ದಲಿತರು, ಬೌದ್ಧರಾದವರು. ಅವರ ಓಣಿಯಲ್ಲಿ ನಮ್ಮವರು ನೀರು ಸಹ ಕುಡಿಯುತ್ತಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಡುತ್ತೇನೆ. ನಾನು ಅಶ್ವಜಿತರನ್ನು ಮದುವೆಯಾದ ಮೇಲೆ ನನ್ನ ಅಪ್ಪ ಬಕ್ಕಪ್ಪ ಮೂರು ವರ್ಷ ಭಾಲ್ಕಿಯ ಕಡೆ ತಲೆ ಹಾಕಲಿಲ್ಲ. ಬೀದರಿನ ಆಸ್ಪತ್ರೆಯಲ್ಲಿ ಮಗ ಕುಣಾಲ ಹುಟ್ಟಿದಾಗ ಅವ್ವ ಚಂದ್ರಭಾಗಾ ನನ್ನ ಜೊತೆಗಿದ್ದಳು. ಅಪ್ಪ ಬಂದವನು ಆಸ್ಪತ್ರೆಯ ಗೇಟಿನ ಹತ್ತಿರ ನಿಂತು, ಕೂಸನ್ನು ಅಲ್ಲಿಗೇ ತರಿಸಿ ನೋಡಿ ಹೋದ. ನನ್ನ ಮನೆಗೆ ಅಪ್ಪ ಬರಬೇಕು, ಕೂತು ಉಣ್ಣಬೇಕು. ನನಗೆ ಬೇರೆ ಆಸೆಯೇ ಇರಲಿಲ್ಲ.

ಕುಣಾಲನ ಮೊದಲ ಹುಟ್ಟುಹಬ್ಬ ಹತ್ತಿರ ಬಂದಾಗ ಅವ್ವನಿಗೆ ಫೋನು ಮಾಡಿ ಹೇಳಿದೆ: "ಕೂಸು ಹುಟ್ಟಿದ ತಾರೀಖಿಗಿ ಬರ್ರಿ. ಈ ಸಲ ಅಪ್ಪನ್ನ ಕರಕೊಂಡೇ ಬರಬೇಕು." ಎರಡು ದಿನ ಬಿಟ್ಟು ಅವ್ವನ ಫೋನು ಬಂತು. ಅಪ್ಪ ಹೂಂ ಅಂದಿದ್ದ. ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಶುಕ್ರವಾರ ಕಾರ್ಯಕ್ರಮ. ಗುರುವಾರ ಬೆಳಿಗ್ಗೆ ನಾನು ತಲೆಗೆ ಎಣ್ಣೆ ಹಚ್ಚಿಕೊಂಡು, ಹಳೆಯ ನೈಟಿಯಲ್ಲಿ ಮನೆ ಒರೆಸುತ್ತಿದ್ದೆ. ಗಂಡ ಡ್ಯೂಟಿಗೆ, ಅತ್ತೆ ಶಾಲೆಗೆ ಹೋಗಿದ್ದರು. ಬಾಗಿಲ ಮುಂದೆ ಆಟೋ ನಿಂತ ಸದ್ದಾಯಿತು. ನೋಡಿದರೆ ಅಪ್ಪ. ಹೊಸ ಧೋತರ, ಇಸ್ತ್ರಿ ಮಾಡಿದ ಅಂಗಿ, ತಲೆಗೆ ಕೆಂಪು ರುಮಾಲು. ಹಿಂದೆ ಹಸಿರು ಇಳಕಲ್ ಸೀರೆಯಲ್ಲಿ ಅವ್ವ.

ಎಲ್ಲಿ ತಪ್ಪಿತೆಂದು ನನಗೆ ಆಗಲೇ ಹೊಳೆಯಿತು. ಕುಣಾಲ ಹುಟ್ಟಿದ್ದು ನಡುರಾತ್ರಿ ದಾಟಿದ ಮೇಲೆ, ಬೆಳಗಿನ ಜಾವಕ್ಕೂ ಮೊದಲು. ಆಸ್ಪತ್ರೆಯವರ ಲೆಕ್ಕದಲ್ಲಿ ಆಗಲೇ ತಾರೀಖು ಬದಲಾಗಿತ್ತು. ಆದರೆ ಡಾಬಕಾದಲ್ಲಿ ಹೊತ್ತು ಹುಟ್ಟದೆ ದಿನ ಬದಲಾಗುವುದಿಲ್ಲ. ಹಿಂಡಿನಲ್ಲಿ ನಸುಕಿಗೆ ಹುಟ್ಟಿದ ಮರಿಯನ್ನೂ ಹಿಂದಿನ ದಿನದ ಮರಿ ಎಂದೇ ಎಣಿಸುತ್ತಾರೆ. ಮೊಮ್ಮಗನನ್ನೂ ಹಾಗೇ ಎಣಿಸಿ, ಒಂದು ದಿನ ಮೊದಲೇ ಬಂದಿದ್ದರು. ನಾನು ಅದೇ ಮನೆಯ ಮಗಳು, ನನಗಾದರೂ ನೆನಪಾಗಬೇಕಿತ್ತು.

ಅಪ್ಪ ಹೊಸ್ತಿಲ ಹೊರಗೇ ನಿಂತು ಒಳಗೆ ಕಣ್ಣಾಡಿಸಿದ. ಬಲೂನಿಲ್ಲ, ಮಂದಿಯಿಲ್ಲ, ಒಲೆಯ ಮೇಲೆ ಏನೂ ಇಲ್ಲ.

"ಇವತ್ತ ಅಲ್ಲೇನ?" ಎಂದ.

"ನಾಳಿ ಅದ ಅಪ್ಪಾ. ಒಳಗ ಬಾ, ಇವತ್ತ ಇಲ್ಲೇ ಇರ್ರಿ."

"ಕುರಿ ಬ್ಯಾರೆಯವರ ಹೊಲದಾಗ ಕೂಡ್ಯಾವ. ಇವತ್ತೊಂದಿನಾ ನೋಡ್ಕೋ ಅಂತ ನಮ್ಮೂರ ಯಾಕೂಬಗ ಹೇಳಿ ಬಂದೀನಿ. ನಾಳಿ ಆಗಲ್ಲ." ಅಪ್ಪ ಜೇಬಿನಿಂದ ಬೆಳ್ಳಿಯ ಉಡದಾರ ತೆಗೆದು ಅವ್ವನ ಕೈಗೆ ಕೊಟ್ಟ. "ಕೂಸಿಗಿ ಕಟ್ಟಿ ಬಾ. ನಾ ಆಟೋದಾಗ ಕೂಡ್ತೇನಿ."

ಈ ಸಲ ತಿರುಗಿ ಹೋದರೆ ಅಪ್ಪ ಮತ್ತೆ ಬರುವುದಿಲ್ಲ. ಅದು ನನಗೂ ಗೊತ್ತಿತ್ತು, ಕಣ್ಣೊರೆಸಿಕೊಳ್ಳುತ್ತಿದ್ದ ಅವ್ವನಿಗೂ ಗೊತ್ತಿತ್ತು. ಆಟೋದವನಿಗೆ ಕಾಯಲು ಸನ್ನೆ ಮಾಡಿ, ಒಳಗೆ ಓಡಿ ಶಾಲೆಗೆ ಫೋನು ಹಚ್ಚಿದೆ. ಅತ್ತೆ ಪೂರ್ತಿ ಕೇಳಲಿಲ್ಲ. "ಅವರ್ನ ಹೋಗಗೊಡಬ್ಯಾಡ, ಬಂದೆ" ಎಂದು ಇಟ್ಟರು.

ಹೇಗೆ ಬಂದರೋ, ಚಹಾಕ್ಕೆ ಇಟ್ಟ ನೀರು ಕುದಿಯುವುದರೊಳಗೆ ಬಂದರು. ಅಂಗೈ ತುಂಬ ಚಾಕ್ ಪುಡಿ. ಆಟೋದ ಎದುರು ನಿಂತು ಅಪ್ಪನಿಗೆ ಕೈ ಮುಗಿದರು.

"ಬರ್ರಿ ಬೀಗರ. ಮೊಮ್ಮಗನ ಹುಟ್ಟಹಬ್ಬ ಇಟಗೊಂಡು ಇಲ್ಲಿ ಯಾಕ ಕೂತೀರಿ?"

"ನಾಳಿ ಅಂತಲ್ರಿ ಅಕ್ಕಾರ. ನಿಮ್ಮ ಸೊಸಿನೇ ಅಂದಾಳ. ನನ್ನ ಸಲುವಾಗಿ ಸುಳ್ಳ ಹೇಳಬ್ಯಾಡ್ರಿ."

"ಸುಳ್ಳ ಅಲ್ಲರಿ. ನಾಳಿನ ದಿನಾ ಇವತ್ತಿಗಿ ತಂದೀವಿ. ಸಮೋವಾ ಅಂತ ಒಂದು ದ್ವೀಪ ಅದರಿ, ಸುತ್ತ ಸಮುದ್ರ. ಅವರ ಕೊಡ-ತಗೊಳ್ಳೋ ಮಂದಿ, ಬೀಗರು ಬಿಜ್ಜರು ಎಲ್ಲಾ ಗೆರಿ ಆಚಿ ದೇಶದಾಗ. ಆಚಿ ಮಂದಿಗಿ ಶನಿವಾರ ಆದ್ರ ಇವರಿಗಿ ಇನ್ನಾ ಶುಕ್ರವಾರ. ತಮ್ಮ ಮಂದಿ ಯಾವ ದಿನದಾಗ ಅದಾರೋ ನಾವೂ ಅದೇ ದಿನದಾಗ ಇರಬೇಕು ಅಂತ ಒಂದು ವರ್ಷ ಗುರುವಾರ ಮಲಗಿ ಸೀದಾ ಶನಿವಾರ ಎದ್ರು. ನಡುವಿನ ಶುಕ್ರವಾರ ಬಿಟ್ಟೇ ಬಿಟ್ರು."

ಅಪ್ಪ ಇದನ್ನು ತೂಗಿ ನೋಡಿದ. ಕುರಿ ಕೊಳ್ಳುವಾಗ ಹಲ್ಲು ನೋಡುವ ಮುಖ ಅದು.

"ಆ ಶುಕ್ರವಾರ ಹುಟ್ಟಹಬ್ಬ ಇದ್ದವರು ಏನ್ ಮಾಡಿದ್ರರಿ?"

"ಮಂದಿ ಯಾವತ್ತ ಕೂಡಿದ್ರೋ ಅವತ್ತ ಮಾಡಿರಬೇಕರಿ."

"ಅದು ಸರ್ಕಾರ ಮಾಡಿದ್ದು. ನೀವೇನು ಸರ್ಕಾರ ಏನ್ರಿ?"

"ಈ ಮನಿಗಿ ನಾನೇ ಸರ್ಕಾರ. ಬೇಕಂದ್ರ ನಿಮ್ಮ ಮಗಳಿಗಿ ಕೇಳ್ರಿ."

ನಾನು ಹೂಂ ಅಂದೆ. ಅತ್ತೆಯ ಮಾತಿಗೆ ಎದುರಾಡದೆ ನಾನು ಹೂಂ ಅಂದದ್ದು ಬಹುಶಃ ಅದೇ ಮೊದಲು. ಅಪ್ಪನ ಮೀಸೆಯ ಕೆಳಗೆ ನಗು ಕಾಣಿಸಿತು. ಆಟೋ ಇಳಿದ. ಒಳಗೆ ಬರಲಿಲ್ಲ, ಆದರೆ ಕಟ್ಟೆಯ ಮೇಲೆ ಕೂತ.

ಆಮೇಲೆ ಮನೆಯಲ್ಲಿ ಒಂದೇ ಗದ್ದಲ. ಬೇಕರಿಯ ತೌಸೀಫನಿಗೆ ಫೋನು ಮಾಡಿ ಅತ್ತೆ ನಾಳಿನ ಕೇಕು ಮಧ್ಯಾಹ್ನದೊಳಗೆ ಬೇಕೆಂದರು. ಗಂಡ ರಜೆ ಹಾಕಿ ಬಲೂನು ಹಿಡಿದುಕೊಂಡು ಬಂದರು. ಓಣಿಯವರಿಗೆಲ್ಲ ಶುಕ್ರವಾರ ಇವತ್ತೇ ಬಂದಿದೆ ಎಂಬ ಸುದ್ದಿ ಹೋಯಿತು. ಒಬ್ಬರೂ ಯಾಕೆ ಎಂದು ಕೇಳಲಿಲ್ಲ, ಅವರ ಋಣವೂ ನನ್ನ ಮೇಲಿದೆ.

ಅಡುಗೆಮನೆಯಲ್ಲಿ ಅತ್ತೆ ಅವ್ವನ ಮುಂದೆ ಜೋಳದ ಹಿಟ್ಟು ಇಟ್ಟು ತಗ್ಗಿದ ದನಿಯಲ್ಲಿ ಹೇಳಿದರು: "ಬೀಗತಿಯಾರ, ರೊಟ್ಟಿ, ಪುಂಡಿ ಪಲ್ಯ ನೀವೇ ಮಾಡ್ರಿ. ಬೀಗರು ನಿಮ್ಮ ಕೈದ ಉಣ್ಣಲಿ. ಗೋಧಿ ಹುಗ್ಗಿ ಉಳದವರಿಗಿ ನಾ ಬ್ಯಾರೆ ಮಾಡ್ತೇನಿ."

ನನಗೆ ರಕ್ತ ಕುದಿಯಿತು. ಇವರ ಮನೆಯಲ್ಲಿ ಇವರೇ ಯಾಕೆ ಇಷ್ಟು ಬಗ್ಗಬೇಕು? "ಯಾಕ ಅತ್ತಿ? ನಿಮ್ಮ ಕೈಗಿ ಏನಾಗ್ಯಾದ?" ಎಂದೆ.

"ಸುಮ್ಮ ಇರು. ಒಂದು ದಿನಕ್ಕ ಎಷ್ಟ ಗೆರಿ ಅಳಸ್ತಿ? ಇವತ್ತ ಬಂದಾರ, ಕೂತಾರ. ಉಳದದ್ದು ಅವರಿಗಿ ಬಿಡು."

ಮಧ್ಯಾಹ್ನ ಬುದ್ಧನ ಮೂರ್ತಿಯ ಮುಂದೆ ಮೇಣಬತ್ತಿ ಹಚ್ಚಿ ವಂದನೆ ಮಾಡಿದೆವು. ಅಪ್ಪ ಆಗ ಒಳಗೆ ಬಂದು ಗೋಡೆಗೆ ತಾಗಿ ನಿಂತ. ಕುಣಾಲ ಅಜ್ಜನ ರುಮಾಲು ಜಗ್ಗಿದ್ದಕ್ಕೆ ಎಲ್ಲರೂ ನಕ್ಕರು. ಉಡದಾರವನ್ನು ಅಪ್ಪನೇ ಕಟ್ಟಿದ.

ಊಟಕ್ಕೆ ಸಾಲಾಗಿ ಕೂತರು. ಅತ್ತೆ ಅಪ್ಪನ ತಾಟಿಗೆ ಅವ್ವ ಮಾಡಿದ ರೊಟ್ಟಿ, ಪುಂಡಿ ಪಲ್ಯ, ಹಸಿಮೆಣಸಿನಕಾಯಿ ಚಟ್ನಿ ನೀಡಿದರು. ಹುಗ್ಗಿಯ ಬೋಗುಣಿ ಹಿಡಿದು ಬಂದಾಗ ಅಪ್ಪನನ್ನು ದಾಟಿ ಪಕ್ಕದವರಿಗೆ ಹೋದರು. ಮುಖದಲ್ಲಿ ಏನೂ ತೋರಿಸಲಿಲ್ಲ, ಬಹಳ ವರ್ಷ ರೂಢಿಯಾದವರ ಹಾಗೆ ಸಹಜವಾಗಿ ದಾಟಿದರು.

ಅಪ್ಪ ರೊಟ್ಟಿ ಮುರಿದವನು ಬಾಯಿಗೆ ಇಡಲಿಲ್ಲ. ಅತ್ತೆ ಸಾಲಿನ ತುದಿ ಮುಟ್ಟಿ ತಿರುಗುವ ತನಕ ಕಾದ. ಆಮೇಲೆ ತನ್ನ ತಾಟು ಮುಂದಕ್ಕೆ ಸರಿಸಿದ.

"ಬೀಗತಿಯಾರ, ಎಲ್ಲಾರೂ ಶುಕ್ರವಾರದಾಗ ಅದಾರ. ನನ್ನೊಬ್ಬನ್ನೇ ಗುರುವಾರದಾಗ ಯಾಕ ಬಿಟ್ಟೀರಿ? ಹುಗ್ಗಿ ನೀಡ್ರಿ."

ಅತ್ತೆ ಬೋಗುಣಿ ಹಿಡಿದು ಹಿಂದಿರುಗಿ ಬಂದರು. ಅಪ್ಪನ ತಾಟಿಗೆ ಹುಗ್ಗಿ ನೀಡಿದರು, ಮತ್ತೊಂದು ಸೌಟು ನೀಡಿದರು, ಅಪ್ಪ ಸಾಕೆನ್ನಲಿಲ್ಲ. ತುಪ್ಪ ತರುತ್ತೇನೆಂದು ಒಳಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ನಾನು ಒಳಗೆ ಹೋಗಿ ನೋಡಿದರೆ ತುಪ್ಪದ ಡಬ್ಬಿ ಹಿಡಿದು, ಗೋಡೆಯ ಕಡೆ ಮುಖ ಮಾಡಿ ಅಳುತ್ತಿದ್ದರು. ಹಿಂದಿನಿಂದ ತಬ್ಬಿಕೊಂಡೆ. ಗದರುತ್ತಾರೆ ಅಂದುಕೊಂಡಿದ್ದೆ, ಗದರಲಿಲ್ಲ.

"ಹೋಗು, ತುಪ್ಪ ನೀ ನೀಡು," ಎಂದರು. "ನಿಮ್ಮಪ್ಪ ಉಣ್ಣಾಕ ಹತ್ಯಾರ."