ಕುಂಕುಮದ ಕೆಳಗಿನ ಬಿರುಕು

ನೀನು ಬ್ರೇಕು ಒತ್ತಲಿಲ್ಲ, ರಾಜು. ಆ ದಿನ ವಿಮಾನ ಮಗುಚಿದ್ದು ನಿನ್ನಿಂದಲ್ಲ, ನಾನು ಬೆಸೆದ ಅದರ ಚಕ್ರದ ಕಾಲು ಮುರಿದದ್ದರಿಂದ. ಅದು ಬಿರುಕು ಬಿಟ್ಟದ್ದು ನನಗೆ ಹಿಂದಿನ ದಿನವೇ ಗೊತ್ತಿತ್ತು — ಗೊತ್ತಿದ್ದೇ ಮುಚ್ಚಿದೆ.

ರನ್‌ವೇ ಇಲ್ಲದ ಕಡೆ, ಹೊಲದ ಮೇಲೂ ಇಳಿಯುವಂಥ ಪುಟ್ಟ ವಿಮಾನ ಕಟ್ಟಬೇಕೆಂಬುದು ನಿನ್ನ ಹುಚ್ಚು. ಹಾರಿಸಲು ಕಲಿತವನು ನೀನು. ಹಲಗೂರಿನ ಶೆಡ್ಡಿನಲ್ಲಿ ಟ್ರೇಲರ್ ಬೆಸೆಯುತ್ತಿದ್ದವನು ನಾನು. ಚಕ್ರ ಹಿಡಿದು ನಿಲ್ಲುವ ಆ ಎರಡು ಕಬ್ಬಿಣದ ಕಾಲುಗಳನ್ನು ನೀನು ಲ್ಯಾಂಡಿಂಗ್ ಗೇರ್ ಎನ್ನುತ್ತಿದ್ದೆ. ಹಾರುವ ಮಾತು ಆಮೇಲೆ, ಮೊದಲು ಕಾಲು ತಡೆಯುತ್ತದೋ ನೋಡೋಣ ಅಂತ ಪೂರಿಗಾಲಿಯ ಗಾಡಿಜಾಡಿನಲ್ಲಿ, ಉತ್ತ ಹೊಲದಲ್ಲಿ ನೆಲದ ಮೇಲೆಯೇ ಓಡಿಸಿ ನೋಡುತ್ತಿದ್ದೆವು. ಬೆಸುಗೆಯನ್ನು ಮೈಸೂರಿನಲ್ಲಿ ಯಾರಿಗಾದರೂ ತೋರಿಸೋಣ ಎಂದು ನೀನು ಅಂದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. "ನನ್ ಕೈ ಮ್ಯಾಲೆ ನಂಬ್ಕೆ ಇಲ್ವೇನ್ಲಾ?" ಎಂದು ರೇಗಿದ್ದೆ. ಕೊನೆಗೆ ನೀನು ಮೈಸೂರಿನ ಮಾತು ಬಿಟ್ಟೆ.

ಆಯುಧಪೂಜೆಯ ಬೆಳಿಗ್ಗೆ ನಾನು ಶೆಡ್ಡಿನಲ್ಲಿ ವಿಮಾನ ಒರೆಸುತ್ತಿದ್ದೆ. ಎಡಗಾಲಿನ ಬೆಸುಗೆಯ ಪಕ್ಕ ಕೂದಲಿನಷ್ಟು ಸಣ್ಣ ಗೆರೆ. ಉಗುರಿನಿಂದ ಕೆರೆದೆ — ಕೊಳೆಯಲ್ಲ. ಅಷ್ಟರಲ್ಲಿ ಅವ್ವ ವೆಲ್ಡಿಂಗ್ ಮಿಷಿನ್ನಿಗೆ ಹೂವಿಟ್ಟು ಕರ್ಪೂರ ಹಚ್ಚಿಯಾಗಿತ್ತು. "ಪೂಜೆ ಆದ್ಮ್ಯಾಲೆ ಆಯ್ದ ಮುಟ್ಬಾರ್ದು ಕಣ್ಲಾ, ಅದೇನಿದ್ರೂ ನಾಳೀಕ್ ಮಾಡ್ಕೊ" ಎಂದಳು. ಬಹಳ ದಿನ ನಾನು ಅವ್ವನ ಈ ಮಾತನ್ನೇ ಹಿಡಿದುಕೊಂಡು ಬದುಕಿದೆ. ಥೂ! ಅವ್ವ ಮಿಷಿನ್ ಮುಟ್ಟಬೇಡ ಅಂದಳೇ ಹೊರತು ನಿನಗೆ ಹೇಳಬೇಡ ಅನ್ನಲಿಲ್ಲ. ನನಗೆ ಅವಮಾನವಾಗಿತ್ತು, ಅಷ್ಟೇ. ವಿಭೂತಿ ಕಲಸಿ ಆ ಗೆರೆಯ ಮೇಲೆ ದಪ್ಪಗೆ ಬಳಿದೆ, ಅದರ ಮೇಲೆ ಕುಂಕುಮ ಮೆತ್ತಿದೆ. ಯಾರಿಗೂ ಕಾಣದಂತೆ ನಾಳೆ ಬೆಸೆದುಬಿಟ್ಟರಾಯಿತು ಎಂದುಕೊಂಡೆ.

ಮರುದಿನ ನೀನು ನನಗಿಂತ ಮೊದಲೇ ಶೆಡ್ಡಿಗೆ ಬಂದಿದ್ದೆ. ಕಬ್ಬು ಕಡಿದ ಕೂಳೆಗದ್ದೆಗೆ ಮಧ್ಯಾಹ್ನ ನೀರು ಬಿಡುತ್ತಾರಂತೆ, ಅಷ್ಟರೊಳಗೆ ಓಡಿಸಬೇಕು ಅಂತ ನಿನಗೆ ಅವಸರ. ಯಾವಾಗಲೂ ಬಟ್ಟೆ ಹಿಡಿದು ಕಾಲುಗಳನ್ನು ಒರೆಸಿ, ಬಗ್ಗಿ ಬಗ್ಗಿ ನೋಡುತ್ತಿದ್ದವನು ನೀನು. ಅಂದೂ ಬಗ್ಗಿದೆ. ಕುಂಕುಮ ಕಂಡು ಬಟ್ಟೆ ಹಿಂದಕ್ಕೆ ತೆಗೆದೆ, ಬೆರಳಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಪೂಜೆಯ ಕುಂಕುಮವನ್ನು ಯಾರು ಒರೆಸುತ್ತಾರೆ?

"ಕಾಲು ಗಟ್ಟಿಯಾಗೈತೇನ್ಲಾ ಲಿಂಗ?"

"ಗಟ್ಟಿಯಾಗೈತೆ, ಓಡ್ಸ್ಲಾ."

ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟದ್ದೂ ನಾನೇ.

ಕೂಳೆಗಳ ಮೇಲೆ ಅದು ಕುಪ್ಪಳಿಸುತ್ತ ಹೋದದ್ದು, ಬದುವಿನ ಹತ್ತಿರ ಎಡಗಾಲು ಮಡಚಿಕೊಂಡದ್ದು, ರೆಕ್ಕೆ ನೆಲಕ್ಕೆ ನಾಟಿ ಇಡೀ ವಿಮಾನ ಮಗುಚಿದ್ದು — ಎಲ್ಲ ಕಣ್ಣ ಮುಂದಿದೆ. ನಾನು ಓಡಿ ಬಂದಾಗ ನೀನು ಬೆಲ್ಟಿನಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದೆ. "ಏನಾಯ್ತ್ಲಾ?" ಅಂತ ನೀನು ಕೇಳಿದೆ. ನನ್ನ ಬಾಯಿಗೆ ಆ ಮಾತು ಅಷ್ಟು ಬೇಗ ಎಲ್ಲಿಂದ ಬಂತೋ —

"ನೀನು ಬ್ರೇಕು ಒತ್ಬುಟ್ಟೆ ಕಣ್ಲಾ, ಅದ್ಕೇ ಮಗುಚ್ಕೊಂತು."

ಗದ್ದೆಯವರು ನಿನ್ನನ್ನು ಮಳವಳ್ಳಿಯ ಆಸ್ಪತ್ರೆಗೆ ಹೊತ್ತೊಯ್ದರು. ನಾನು ಜೊತೆಗೆ ಬರಲಿಲ್ಲ. ಸಾಮಾನು ನೋಡಿಕೊಳ್ಳುತ್ತೇನೆ ಎಂದು ಹಿಂದೆ ಉಳಿದೆ. ಮುರಿದ ಕಾಲು ಎತ್ತಿ ನೋಡಿದೆ. ಕುಂಕುಮ ಬಿರುಕಿನೊಳಕ್ಕೂ ಇಳಿದಿತ್ತು, ಮುರಿದ ಕಬ್ಬಿಣದ ಮೇಲೆ ಒಂದು ಕೆಂಪು ಗೆರೆ. ಶೆಡ್ಡಿಗೆ ತಂದು ಗ್ರೈಂಡರಿನಲ್ಲಿ ಆ ಗೆರೆಯನ್ನು ಉಜ್ಜಿ ಹಾಕಿ, ಕಾಲನ್ನು ಗುಜರಿಗೆ ಎಸೆದೆ.

ನಿನ್ನ ಸೊಂಟದ ಕೆಳಗೆ ಮತ್ತೆ ಜೀವ ಬರಲಿಲ್ಲ. "ನೀವೇ ಕೈಯಾರೆ ಮಾಡ್ಕಂಡ್ರಿ" ಎಂದು ನಿನ್ನ ಹೆಂಡತಿ ಸುಜಾತಾ ಮದ್ದೂರಿನ ತವರಿಗೆ ಹೊರಟುಹೋದಳು. ಅವಳ ಆ ಮಾತೇ ನಿಜ ಅಂತ ನೀನೂ ನಂಬಿದ್ದೆ. ನಾನು ಅಲ್ಲೇ ಬಾಗಿಲ ಬಳಿ ನಿಂತಿದ್ದೆ.

ಹೋದ ಭಾನುವಾರ, ಎಂದಿನಂತೆ ಗುತ್ತಲಿನ ನಿನ್ನ ಮನೆಗೆ ಬಂದು ನಾನು ನಿನ್ನ ಗಡ್ಡ ಕೆರೆಯುತ್ತಿದ್ದಾಗ ನೀನು ಕೇಳಿದೆಯಲ್ಲ — "ಬ್ರೇಕು ಒತ್ತಿದ್ದು ಗ್ಯಾಪ್ಕಕ್ಕೇ ಬರಾಕಿಲ್ಲ ಕಣ್ಲಾ. ದಿಟ್ವಾಗ್ಲೂ ಒತ್ತಿದ್ನಾ?" ನಾನು ಕತ್ತಿಯನ್ನು ನೀರಿಗೆ ಅದ್ದುತ್ತ "ಒತ್ತಿದ್ದೆ, ಬುಡ್ಲಾ ಅದ್ನ" ಎಂದೆ. ಆಗ ಭಯವಿರಲಿಲ್ಲ, ಗಾಬರಿಯಿರಲಿಲ್ಲ, ಪುರುಸೊತ್ತಿತ್ತು. ಆದರೂ ಅದನ್ನೇ ಹೇಳಿದೆ. ಮೊದಲಿನ ಸುಳ್ಳಿಗಿಂತ ಈ ಎರಡನೆಯದೇ ನನ್ನನ್ನು ಸುಡುತ್ತಿದೆ.

ನಿಜ ಹೇಳಿದರೆ ನಿನ್ನ ಕಾಲು ಬರುವುದಿಲ್ಲ, ಸುಜಾತಾ ಬರುವುದಿಲ್ಲ. ಅವಳು ಹೋದಮೇಲೆ ನಿನ್ನ ಜೊತೆಗಿರುವ ಅಕ್ಕನಿಂದ ನಿನ್ನನ್ನು ಎತ್ತಿ ಕೂರಿಸಲು ಆಗುವುದಿಲ್ಲ. ನಾನೂ ಇಲ್ಲದಿದ್ದರೆ ನಿನ್ನ ಗತಿಯೇನು ಅಂತಲೂ ಯೋಚಿಸಿದೆ — ನೋಡು, ಈಗಲೂ ನೆಪ ಹುಡುಕುತ್ತಿದ್ದೇನೆ.

ಈ ಭಾನುವಾರ ಬರುತ್ತೇನೆ. ಮೊದಲು ನಿನ್ನನ್ನು ಎತ್ತಿ ಜಗಲಿಯ ಬಿಸಿಲಿಗೆ ಕೂರಿಸುತ್ತೇನೆ, ಆಮೇಲೆ ಹೇಳುತ್ತೇನೆ. ಮೊದಲೇ ಹೇಳಿದರೆ ನೀನು ನನ್ನ ಕೈ ಸೋಕಿಸಿಕೊಳ್ಳಲಾರೆ. ಹೊತ್ತೇರಿ ಬಿಸಿಲು ಚುರುಗುಟ್ಟಿದಾಗ ನಿನ್ನನ್ನು ಮತ್ತೆ ಒಳಗೆ ಯಾರು ಎತ್ತಿಕೊಂಡು ಹೋಗುತ್ತಾರೋ, ನನಗೆ ಗೊತ್ತಿಲ್ಲ.