ಎಮ್ಮೆಯ ಮುಂದೆ ಹಾಕಿದ ಪಡದೆ

ನಮ್ಮೂರು ಸತ್ತಿಯಲ್ಲಿ ಮನುಷ್ಯರೂ ದನಗಳೂ ಒಂದೇ ಬಾಗಿಲಿನಿಂದ ಮನೆಯೊಳಗೆ ಹೋಗುತ್ತಿದ್ದ ದಿನಗಳವು. ಹೊಸ್ತಿಲು ದಾಟಿದರೆ ಎಡಕ್ಕೆ ತಗ್ಗಿನಲ್ಲಿ ಎರಡು ಎಮ್ಮೆ, ಬಲಕ್ಕೆ ಸೊಂಟದೆತ್ತರದ ಕಟ್ಟೆಯ ಮೇಲೆ ಪಡಸಾಲೆ, ಅದರಾಚೆ ಒಲೆ. ಹಸಿ ಕಬ್ಬಿನ ಸೋಗೆ, ಹಿಂಡಿ, ಸಗಣಿ, ಸುಡುವ ರೊಟ್ಟಿ ಎಲ್ಲ ಸೇರಿದ ಒಂದು ವಾಸನೆ. ಅದು ವಾಸನೆ ಎಂದು ನನಗೆ ಗೊತ್ತೇ ಇರಲಿಲ್ಲ. ಅಕ್ಕನಿಗೆ ಗೊತ್ತಾಗತೊಡಗಿತ್ತು.

ಅಕ್ಕ ಹೋಗಿ ಮೂರು ತಿಂಗಳಾಯಿತು. ಕೂತಲ್ಲಿ ನಿಂತಲ್ಲಿ ನೆನಪಾಗುವುದು ಆಸ್ಪತ್ರೆಯ ದಿನಗಳಲ್ಲ, ಅವಳು ಹತ್ತನೆಯ ತರಗತಿ ಪಾಸಾದ ಆ ಬೇಸಿಗೆ.

ಅವಳಿಗೆ ಅಥಣಿಯ ಕಾಲೇಜಿಗೆ ಹೋಗಬೇಕಿತ್ತು. ಕೇಳಿದಾಗಲೆಲ್ಲ ಅಪ್ಪ "ನೋಡೂಣು" ಎಂದು ತೋಟಕ್ಕೆ ನಡೆಯುತ್ತಿದ್ದ. ಕೊನೆಗೆ ಅವಳ ಶಾಲೆಯ ಶಿಕ್ಷಕಿ, ನಮ್ಮ ಕಡೆ ಎಲ್ಲ ಶಿಕ್ಷಕಿಯರಿಗೂ ಅನ್ನುವಂತೆ ನಾವು ಬಾಯಾರು ಎನ್ನುತ್ತಿದ್ದವರು, ರವಿವಾರ ಸಂಜೆ ತಾವೇ ಬಂದು ಅಪ್ಪನ ಜೊತೆ ಮಾತಾಡುತ್ತೇನೆಂದು ಹೇಳಿಕಳಿಸಿದರು. ಆ ದಿನದಿಂದ ಅಕ್ಕನಿಗೆ ಒಂದೇ ಚಿಂತೆ. ಬಾಯಾರು ಪಡಸಾಲೆಯಲ್ಲಿ ಕೂತರೆ ಎದುರಿಗೆ ಕಾಣುವುದು ಎಮ್ಮೆಗಳು, ಅವುಗಳ ಸಗಣಿ.

ಅವ್ವನನ್ನು ಒಪ್ಪಿಸಿ ಅಥಣಿಗೆ ಹೊರಟಳು. ಅವಳ ತಂಗಿ ನಾನೂ ಜೊತೆಗೆ ಹೋದೆ. ಆಗ ನನಗೆ ಒಂಬತ್ತು ವರ್ಷ. ಅಂಗಡಿಯವರು ಯಾವ ಖೋಲಿಗೆ ಪಡದಾ ಬೇಕೆಂದು ಕೇಳಿದರು. ಅಕ್ಕ ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ:

"ಎಮ್ಮಿ ಮುಂದ ಹಾಕಾಕ್ರಿ."

"ಎಮ್ಮಿಗಿ ಯಾವ ಬಣ್ಣ ಸೇರ್ತೈತಿ, ಕೇಳ್ಕೊಂಡು ಬಂದೀಯೇನವಾ?" ಎಂದರು ಅವರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅಕ್ಕ ನನ್ನ ರಟ್ಟೆ ಚಿವುಟಿದಳು.

ಆದರೆ ಬಟ್ಟೆ ಆರಿಸುವಾಗ ಅವಳ ನಾಚಿಕೆಯೆಲ್ಲ ಹೋಯಿತು. ಕಲೆ ಕಾಣದಂಥ ಕಂದು ಬಣ್ಣದ್ದು ತಗೋ ಎಂದು ಅವ್ವ ಹೇಳಿಕೊಟ್ಟಿದ್ದಳು. ಅಕ್ಕ ಕಂದು ಥಾನನ್ನು ಬಿಚ್ಚಿಸಿ ನೋಡಿ, ಅದರಿಂದ ಮನೆ ಇನ್ನಷ್ಟು ಕತ್ತಲಾಗುತ್ತದೆಂದು ಬದಿಗಿಟ್ಟಳು. ತಿಳಿನೀಲಿಯ ಮೇಲೆ ಬಿಳಿ ಹೂವಿದ್ದ ಬಟ್ಟೆಯನ್ನು ಮೇಲಕ್ಕೆತ್ತಿ ಹಿಡಿಯಿರಿ ಎಂದು ಅಂಗಡಿಯವರಿಗೇ ಹೇಳಿ, ಬಾಗಿಲ ತನಕ ಹಿಂದೆ ಸರಿದು ನೋಡಿದಳು. ತುದಿಯನ್ನು ಒದ್ದೆ ಮಾಡಿ ತನ್ನ ಬಿಳಿ ಓಢಣಿಗೆ ತಿಕ್ಕಿ, ಬಣ್ಣ ಬಿಡುವುದಿಲ್ಲವೆಂದು ಖಾತ್ರಿ ಮಾಡಿಕೊಂಡಳು. ಹದಿನಾರು ವರ್ಷದ ಹುಡುಗಿ. ತನಗೆ ಬೇಕಾದ್ದು ಯಾವುದೆಂದು ಅವಳಿಗೆ ಅಷ್ಟು ಸ್ಪಷ್ಟವಾಗಿ ಗೊತ್ತಿತ್ತು.

ನೆರೆಮನೆಯ ಕಾಕಿಯ ಮಷಿನಿನಲ್ಲಿ ಹೊಲಿದಳು. ಅಗಲ ಅಷ್ಟೇಕೆ, ಬಟ್ಟೆ ದಂಡ ಎಂದು ಅವ್ವ ಗೊಣಗಿದಳು.

"ನಿರಿಗಿ ಇಲ್ದ ಸೀರಿ ಉಟ್ರ ಹೆಂಗ ಕಾಣ್ತೈತಿ ಬೇ? ಇದೂ ಹಂಗಽ," ಎಂದಳು ಅಕ್ಕ.

ರವಿವಾರ ಮಧ್ಯಾಹ್ನ ಕಟ್ಟೆಯ ಅಂಚಿಗಿದ್ದ ಎರಡು ಕಂಬಗಳಿಗೆ ಬಿದಿರಿನ ಗಳ ಕಟ್ಟಿ ಪಡದೆ ಏರಿಸಿದಳು. ಗಂಜಳದಲ್ಲಿ ನೆನೆಯದಂತೆ ಕೆಳಗೆ ಒಂದು ಗೇಣು ಬಿಟ್ಟಿದ್ದಳು. ಬಾಗಿಲಿನಿಂದ ಗಾಳಿ ಬಂದಾಗ ನೀಲಿ ನೆರಿಗೆಗಳು ಉಬ್ಬಿ ಇಳಿಯುತ್ತಿದ್ದವು. ನಮ್ಮ ಪಡಸಾಲೆ ಬೇರೆ ಯಾರದೋ ಮನೆಯಂತೆ ಕಂಡಿತು. ಅಪ್ಪ ತೋಟದಿಂದ ಬಂದು ಅದನ್ನು ಬಹಳ ಹೊತ್ತು ನೋಡಿದ.

ಸಂಜೆ ಬಾಯಾರು ಬಂದಾಗ ಹಾಲು ಹಿಂಡುವ ಹೊತ್ತು. ಒಂದು ಎಮ್ಮೆ ಗಬ್ಬವಾಗಿ ಹಾಲು ನಿಲ್ಲಿಸಿತ್ತು. ಚಹಾಕ್ಕೆ ಇನ್ನೊಂದು ಎಮ್ಮೆ ಗಂಗಿಯ ಹಾಲೇ ಬೇಕು. ಅಪ್ಪ ಪಡದೆಯ ಆಚೆ ಚರಿಗೆ ಹಿಡಿದು ಕೂತ. ಈಚೆ ಬಾಯಾರು ಜಮಖಾನೆಯ ಮೇಲೆ ಕೂತು ಪಡದೆ ಚಂದವಿದೆ ಎಂದರು. ಅಕ್ಕನ ಮುಖ ಅರಳಿತು. ಒಲೆಯ ಮೇಲೆ ಚಹಾದ ನೀರು ಕುದಿಯುತ್ತಲೇ ಇತ್ತು, ಹಾಲು ಮಾತ್ರ ಬರಲಿಲ್ಲ.

ಗಂಗಿಗೆ ಒಂದು ರೂಢಿ. ಅಪ್ಪ ಹಿಂಡುವಾಗ ಅದರ ಕಣ್ಣೆದುರಿಗೆ ಒಲೆಯ ಮುಂದೆ ಅವ್ವ ಕೂತಿರಬೇಕು. ಅವಳನ್ನು ನೋಡುತ್ತ ನೋಡುತ್ತ ಕೆಚ್ಚಲು ಸಡಿಲಿಸಿ ಹಾಲಿನ ತೊರೆ ಬಿಡುತ್ತಿತ್ತು. ಮನೆಯವರೆಲ್ಲರಿಗೂ ಗೊತ್ತಿದ್ದ ಈ ಸಂಗತಿಯನ್ನು ಪಡದೆ ಕಟ್ಟುವಾಗ ಒಬ್ಬರೂ ನೆನೆಯಲಿಲ್ಲ. ಕರು ಬಿಟ್ಟರೂ ಹಾಲಿಲ್ಲ, ಹಿಂಡಿ ಇಟ್ಟರೂ ಇಲ್ಲ. ಗಂಗಿ ಕಾಲು ಝಾಡಿಸಿ ದೊಡ್ಡದಾಗಿ ಒದರಿತು. ಅವ್ವ ಎದ್ದು ಪಡದೆಯ ಹತ್ತಿರ ಹೋಗಿ, ಅಕ್ಕನ ಮುಖ ನೋಡಿ, ಸರಿಸದೆ ನಿಂತಳು.

ಆಚೆಯಿಂದ ಅಪ್ಪನ ದನಿ ಬಂತು. "ತೊರಿ ಬಿಡವಲ್ದು. ಏನ್ ಮಾಡ್ಲಿ?"

ಅವನು ಕೇಳಿದ್ದು ಅವ್ವನನ್ನಲ್ಲ ಎಂದು ಈಗ ಅನಿಸುತ್ತದೆ.

ಅಕ್ಕ ಎದ್ದಳು. ಪಡದೆಯನ್ನು ಈ ಕಂಬದಿಂದ ಆ ಕಂಬದ ತನಕ ಪೂರ್ತಿ ಎಳೆದುಬಿಟ್ಟಳು. ಎಮ್ಮೆಗಳು, ಸಗಣಿ, ಮೊಣಕಾಲಲ್ಲಿ ಚರಿಗೆ ಸಿಕ್ಕಿಸಿಕೊಂಡು ಕೂತ ಅಪ್ಪ, ಎಲ್ಲವೂ ಬಾಯಾರ ಎದುರು.

"ನಮ್ಮ ಗಂಗಿರಿ ಬಾಯಾರ," ಎಂದಳು. "ಅವ್ವನ್ ಕಾಣಲಿಲ್ಲಂದ್ರ ಹಾಲ ಕೊಡಂಗಿಲ್ಲ."

ಬಾಯಾರು ನಕ್ಕು, ತಮ್ಮ ತವರಿನ ಎಮ್ಮೆಗೆ ಅಜ್ಜಿಯ ಸೀರೆಯೇ ಕಾಣಬೇಕಿತ್ತು, ಅಜ್ಜಿ ಊರಿಗೆ ಹೋದಾಗ ಅಜ್ಜ ಆ ಸೀರೆ ಹೊದ್ದು ಹಿಂಡುತ್ತಿದ್ದ ಎಂದರು. ಅಷ್ಟರಲ್ಲಿ ಚರಿಗೆಯಲ್ಲಿ ಹಾಲಿನ ಸಪ್ಪಳ ಶುರುವಾಗಿತ್ತು. ಅಪ್ಪ ತಲೆ ಎತ್ತದೆಯೇ ಕೇಳಿದ:

"ಕಾಲೇಜಿಗಿ ಹೆಸರ ಹಚ್ಚೂದು ಯಾವಾಗ್ರಿ ಬಾಯಾರ?"

ಕಲಿತ ಮೇಲೆ ಮಗಳು ನಮ್ಮನ್ನು ಕಂಡು ನಾಚಿಕೊಳ್ಳುತ್ತಾಳೆ ಎಂಬ ಹೆದರಿಕೆ ಅಪ್ಪನದಾಗಿತ್ತಂತೆ. ಪಡದೆ ಕಂಡ ಕೂಡಲೇ ಬೇಡ ಎನ್ನಲು ಮನಸ್ಸು ಮಾಡಿದ್ದನಂತೆ. ಇದನ್ನು ಅವ್ವ ಎಷ್ಟೋ ವರ್ಷದ ಮೇಲೆ ಹೇಳಿದಳು.

ಅಕ್ಕ ಕಲಿತು ಕಾಗವಾಡದ ಕಡೆ ಶಿಕ್ಷಕಿಯಾದಳು. ಮಗಳನ್ನು ಶಾಲೆ ಬಿಡಿಸಿದ ಮನೆಗಳಿಗೆ ತಾನೇ ಹೋಗಿ, ಅಂಥ ಪಡಸಾಲೆಗಳಲ್ಲಿ ಕೂತು, ಕೊಟ್ಟ ಚಹಾ ಕುಡಿದು, ಒಪ್ಪುವ ತನಕ ಏಳುತ್ತಿರಲಿಲ್ಲ. ಅವಳ ಮಣ್ಣಿಗೆ ಬಂದ ಹೆಣ್ಣುಮಕ್ಕಳಲ್ಲಿ ಅರ್ಧದಷ್ಟು ಜನರ ಗುರುತು ನಮಗಿರಲಿಲ್ಲ. ಒಬ್ಬೊಬ್ಬರೂ ತಮ್ಮ ಅಪ್ಪನ ಹೆಸರು ಹೇಳಿ, ಬಾಯಾರು ನಮ್ಮ ಮನೆಗೆ ಬಂದಿದ್ದರು ಎಂದರು.

ನನ್ನ ಸರದಿ ಬಂದಾಗ ನನ್ನನ್ನು ಕಾಲೇಜಿಗೆ ಕಳಿಸಬೇಕೋ ಬೇಡವೋ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಎರಡು ವರ್ಷ ಅಥಣಿಯ ಬಸ್ಸು ಹತ್ತಿದೆ, ನಪಾಸಾದೆ, ಮನೆಗೆ ಬಂದೆ. ಅದಕ್ಕೂ ಯಾರೂ ಬೈಯಲಿಲ್ಲ. ಆ ದಾರಿಯನ್ನು ನನಗೆ ತೆರೆದವಳು ಅಕ್ಕ. ಇದನ್ನು ಅವಳಿಗೆ ಒಮ್ಮೆ ಬಾಯಿಬಿಟ್ಟು ಹೇಳಬೇಕಿತ್ತು. ಮುಂದಿನ ದೀಪಾವಳಿಗೆ ಬಂದಾಗ ಹೇಳಿದರಾಯಿತು ಎಂದುಕೊಂಡಿದ್ದೆ.